ಎಲಿವೇಷನ್ ಕೊನೆಗೆ ಬರಲಿ: 40×60 ನಿವೇಶನದಲ್ಲಿ ಸಣ್ಣ ಕಚೇರಿ ಕಟ್ಟುವ ಕ್ರಮ

ಲೆಕ್ಕಪರಿಶೋಧಕರು, ವಕೀಲರು, ಸಹಕಾರ ಸಂಘದ ಕಾರ್ಯದರ್ಶಿಗಳು, ಹತ್ತು ಹದಿನೈದು ಜನರ ಸಾಫ್ಟ್‌ವೇರ್ ಕಂಪನಿ ನಡೆಸುವ ಯುವಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ನಮ್ಮ ಊರಿನಲ್ಲಿ 40×60 ಸೈಟಿದೆ. ಸ್ವಂತ ಕಚೇರಿ ಕಟ್ಟಬೇಕು. ಎಲ್ಲಿಂದ ಶುರು ಮಾಡುವುದು?" ಹೆಚ್ಚಿನವರು ಈ ಪ್ರಶ್ನೆಯ ಜೊತೆಗೆ ಮೊಬೈಲಿನಲ್ಲಿ ಒಂದು ಚಿತ್ರವನ್ನೂ ತೋರಿಸುತ್ತಾರೆ. ಮುಂಭಾಗವೆಲ್ಲ ನೀಲಿ ಗಾಜು, ಅಂಚಿಗೆ ಬೂದು ಬಣ್ಣದ ಅಲ್ಯೂಮಿನಿಯಂ ಹಾಳೆ. "ಎಲಿವೇಷನ್ ಹೀಗೆ ಬರಬೇಕು" ಎನ್ನುತ್ತಾರೆ.

ಎಲಿವೇಷನ್ ಎಂದರೆ ಕಟ್ಟಡದ ಮುಖಚಿತ್ರ. ಅದನ್ನು ಮೊದಲು ತೀರ್ಮಾನಿಸಿ ಒಳಗಿನದನ್ನು ಆಮೇಲೆ ತುರುಕಿದರೆ, ಹಗಲಿನಲ್ಲೂ ದೀಪ, ಡಿಸೆಂಬರಿನಲ್ಲೂ ಎಸಿ ಬೇಕಾಗುವ ಕಚೇರಿ ಸಿದ್ಧವಾಗುತ್ತದೆ. ದುಬಾರಿ ಗಾಜಿಗೆ ಒಳಗಡೆಯಿಂದ ಪರದೆ ಎಳೆದುಕೊಂಡು ಕೆಲಸ ಮಾಡುವ ಕಚೇರಿಗಳು ನಮ್ಮ ಪ್ರತಿಯೊಂದು ಜಿಲ್ಲಾ ಕೇಂದ್ರದಲ್ಲೂ ಇವೆ. ನಾನು ಹೇಳುವ ಕ್ರಮ ಇದಕ್ಕೆ ತದ್ವಿರುದ್ಧ. ಮೊದಲು ಬಿಸಿಲು, ಗಾಳಿ, ಮಳೆ. ಆಮೇಲೆ ಎಲ್ಲಿ ಕಟ್ಟಬಾರದು ಎಂಬ ತೀರ್ಮಾನ. ನಂತರ ಕಿಟಕಿ, ಗೋಡೆ, ತಾರಸಿ. ಇವೆಲ್ಲ ಸರಿಯಾದರೆ ಮುಖ ತಾನಾಗಿ ರೂಪುಗೊಳ್ಳುತ್ತದೆ.

ಶುರು ಮಾಡುವ ಮೊದಲು ಇವು ಕೈಯಲ್ಲಿರಲಿ: ಅಳತೆ ಮತ್ತು ಉತ್ತರ ದಿಕ್ಕು ಸರಿಯಾಗಿ ಗುರುತಿಸಿದ ಸರ್ವೆ ನಕ್ಷೆ, ಖಾತಾ ಮತ್ತು ಕ್ರಯಪತ್ರದ ಪ್ರತಿಗಳು, ಒಂದು ಟೇಪು, ಒಂದು ನೋಟ್‌ಪುಸ್ತಕ. ವಾಸ್ತುಶಿಲ್ಪಿಯನ್ನು, ಅಂದರೆ ಆರ್ಕಿಟೆಕ್ಟ್ ಅವರನ್ನು, ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಿ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಅವರಿಗೆ ವಾಸ್ತುಶಿಲ್ಪ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಕೇಳಿ ನೋಡುವುದರಲ್ಲಿ ಸಂಕೋಚ ಬೇಡ. ಕಂಬ, ತೊಲೆ, ಕಬ್ಬಿಣದ ಲೆಕ್ಕ ಮಾಡುವ ಸ್ಟ್ರಕ್ಚರಲ್ ಎಂಜಿನಿಯರ್ ಬೇರೆಯವರು. ಇಬ್ಬರೂ ಬೇಕು.

ಹಂತ 1: ಜನರನ್ನೂ ಕೆಲಸವನ್ನೂ ಪಟ್ಟಿ ಮಾಡಿ

ಕೋಣೆಗಳ ಪಟ್ಟಿ ಬೇಡ, ಕೆಲಸದ ಪಟ್ಟಿ ಬರೆಯಿರಿ. ದಿನವಿಡೀ ಕುಳಿತು ಕೆಲಸ ಮಾಡುವವರು ಎಷ್ಟು ಜನ? ಹೊರಗಿನಿಂದ ಬರುವವರು ಎಷ್ಟು ಹೊತ್ತು ಕಾಯುತ್ತಾರೆ? ಫೋನಿನಲ್ಲಿ ಜೋರಾಗಿ ಮಾತನಾಡುವವರು ಯಾರು, ಮೌನ ಬೇಕಾದವರು ಯಾರು? ಹಳೆಯ ಕಡತಗಳು ಎಷ್ಟು ಕಪಾಟು? ಊಟ ಎಲ್ಲಿ ಮಾಡುತ್ತಾರೆ? ವಕೀಲರ ಕಚೇರಿಯಲ್ಲಿ ಕಕ್ಷಿದಾರರು ಕಾಯುವ ಜಾಗವೇ ದೊಡ್ಡದು. ಲೆಕ್ಕಪರಿಶೋಧಕರಿಗೆ ಕಡತದ ಕೋಣೆ ದೊಡ್ಡದು. ಒಂದೇ ನಕ್ಷೆ ಇಬ್ಬರಿಗೂ ಹೊಂದುವುದಿಲ್ಲ.

ಜಾಗದ ಅಂದಾಜಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಒಂದು ಲೆಕ್ಕ ನೆರವಾಗುತ್ತದೆ. ತುರ್ತು ನಿರ್ಗಮನದ ಲೆಕ್ಕಕ್ಕೆ ಅದು ಕಚೇರಿಗಳಲ್ಲಿ ಒಬ್ಬರಿಗೆ 10 ಚದರ ಮೀಟರ್, ಅಂದರೆ ಸುಮಾರು 107 ಚದರಡಿ, ಹಿಡಿಯುತ್ತದೆ. ಓಡಾಟದ ಜಾಗ, ಶೌಚಾಲಯ ಎಲ್ಲವೂ ಸೇರಿದ ಲೆಕ್ಕವಿದು. 2,500 ಚದರಡಿಯ ಎರಡು ಮಹಡಿಯ ಕಚೇರಿಯಲ್ಲಿ 23 ಜನ ಉಸಿರಾಡುವಷ್ಟು ಜಾಗವಿರುತ್ತದೆ. 40 ಜನರನ್ನು ಕೂರಿಸುವ ಯೋಚನೆ ಇದ್ದರೆ ಅದನ್ನು ಈಗಲೇ ಬಾಯಿಬಿಟ್ಟು ಹೇಳಿ. ಶೌಚಾಲಯ, ಮೆಟ್ಟಿಲು, ಪಾರ್ಕಿಂಗ್ ಎಲ್ಲವೂ ಆ ಸಂಖ್ಯೆಯ ಮೇಲೆ ನಿಂತಿವೆ.

ಹಂತ 2: ನಿವೇಶನವನ್ನು ದಿನದ ನಾಲ್ಕು ಹೊತ್ತಿನಲ್ಲಿ ನೋಡಿ

ಬೆಳಿಗ್ಗೆ 10, ಮಧ್ಯಾಹ್ನ 1, ಸಂಜೆ 4 ಮತ್ತು 5.30ಕ್ಕೆ ಸೈಟಿನಲ್ಲಿ ನಿಂತು ನೋಡಿ. ಬಿಸಿಲು ಎಲ್ಲಿಂದ ಬರುತ್ತದೆ, ಯಾವ ಮರದ ನೆರಳು ಎಲ್ಲಿಗೆ ಬೀಳುತ್ತದೆ, ರಸ್ತೆಯ ಸದ್ದು ಯಾವಾಗ ಏರುತ್ತದೆ ಎಂದು ನೋಟ್‌ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಒಂದು ಸಲವಾದರೂ ಮಳೆ ಸುರಿಯುವಾಗ ಹೋಗಿ. ರಸ್ತೆಯ ನೀರು ನಿಮ್ಮ ಸೈಟಿಗೆ ನುಗ್ಗುತ್ತದೆಯೇ ಎಂಬುದನ್ನು ಯಾವ ನಕ್ಷೆಯೂ ಹೇಳುವುದಿಲ್ಲ.

ಚರಂಡಿ, ಕಸದ ತೊಟ್ಟಿ, ವಿದ್ಯುತ್ ಪರಿವರ್ತಕ ಎಲ್ಲಿವೆ ಎಂಬುದು ಸಣ್ಣ ವಿಷಯವಲ್ಲ. ಬೆಂಗಳೂರಿನ ದೊಮ್ಮಲೂರಿನಲ್ಲಿ ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರು ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆಗೆ ವಿನ್ಯಾಸ ಮಾಡಿದ ಕಟ್ಟಡ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ದಕ್ಷಿಣಕ್ಕೆ ದುರ್ವಾಸನೆಯ ಚರಂಡಿ; ಗಾಳಿಯೂ ಆ ಕಡೆಯಿಂದಲೇ ಬರುತ್ತಿತ್ತು. ಆದ್ದರಿಂದ ದಕ್ಷಿಣದ ಗೋಡೆಯನ್ನು ಮುಚ್ಚಿ ಕಪ್ಪು ಕಡಪ ಕಲ್ಲಿನ ಹೊದಿಕೆ ಕೊಟ್ಟು, ಕಲ್ಲಿನ ಹಿಂದೆ ಗಾಳಿ ಆಡುವ ಸಂದು ಬಿಟ್ಟರು. ಬಿಸಿಲಿಗೆ ಕಲ್ಲು ಕಾದಾಗ ಸಂದಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಅದರ ಸೆಳೆತಕ್ಕೆ ಉತ್ತರದ ಕಡೆಯಿಂದ ತಂಪು ಗಾಳಿ ಕಟ್ಟಡದೊಳಗೆ ಹರಿಯುತ್ತದೆ. ಸೈಟಿನ ದೋಷವೇ ಇಡೀ ವಿನ್ಯಾಸದ ಮೂಲವಾಯಿತು. ನಿಮ್ಮ ಸೈಟಿನ ದೋಷವನ್ನು ಮುಚ್ಚಿಡದೆ ಮೊದಲ ಭೇಟಿಯಲ್ಲೇ ಆರ್ಕಿಟೆಕ್ಟ್‌ಗೆ ತೋರಿಸಿ.

ಎಚ್ಚರಿಕೆ: ಪಕ್ಕದ ಸೈಟು ಇಂದು ಖಾಲಿ ಇದೆ ಎಂದು ಆ ಕಡೆಗೆ ದೊಡ್ಡ ಕಿಟಕಿಗಳನ್ನು ಇಟ್ಟು ಅವುಗಳ ಬೆಳಕನ್ನೇ ನಂಬಬೇಡಿ. ನಾಳೆ ಅಲ್ಲಿ ನಾಲ್ಕು ಮಹಡಿ ಎದ್ದರೆ ನಿಮ್ಮ ಕಿಟಕಿಗೆ ಎದುರಾಗುವುದು ಪ್ಲಾಸ್ಟರ್ ಆಗದ ಗೋಡೆ. ನಕ್ಷೆ ಮಾಡುವಾಗ ಎರಡೂ ಪಕ್ಕದಲ್ಲಿ ಗೋಡೆ ಎದ್ದಿದೆ ಎಂದೇ ಭಾವಿಸಿ. ಸಣ್ಣ ಕಚೇರಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಇದೇ ಹಂತದಲ್ಲಿ ಮಣ್ಣಿನ ಪರೀಕ್ಷೆಯನ್ನೂ ಮುಗಿಸಿ. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ನೀರಿಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಅಲ್ಲಿ ಪಾಯದ ಲೆಕ್ಕವೇ ಬೇರೆ.

ಹಂತ 3: ಕಾನೂನಿನ ಚೌಕಟ್ಟು ತಿಳಿದುಕೊಳ್ಳಿ

ಮೂರು ಮಾತು ಗೊತ್ತಿದ್ದರೆ ಸಾಕು. ಮೊದಲನೆಯದು ಭೂಬಳಕೆ: ನಿಮ್ಮ ಸೈಟಿನಲ್ಲಿ ಕಚೇರಿಗೆ ಅವಕಾಶವಿದೆಯೇ ಎಂದು ನಗರ ಯೋಜನಾ ಪ್ರಾಧಿಕಾರದಲ್ಲಿ ವಿಚಾರಿಸಿ. ಎರಡನೆಯದು ಸೆಟ್‌ಬ್ಯಾಕ್: ಕಟ್ಟಡದ ಸುತ್ತ ಬಿಡಲೇಬೇಕಾದ ಜಾಗ. ಮೂರನೆಯದು ಎಫ್‌ಎಆರ್: ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ. ಅದು 1.75 ಎಂದಿದ್ದರೆ 2,400 ಚದರಡಿ ಸೈಟಿನಲ್ಲಿ ಎಲ್ಲ ಮಹಡಿ ಸೇರಿ 4,200 ಚದರಡಿ. ಸಂಖ್ಯೆಗಳು ಊರಿನಿಂದ ಊರಿಗೆ, ರಸ್ತೆಯ ಅಗಲದಿಂದ ಅಗಲಕ್ಕೆ ಬದಲಾಗುತ್ತವೆ. ನೆರೆಮನೆಯವರ ಮಾತು ನಂಬದೆ ಬರಹದಲ್ಲಿ ಪಡೆಯಿರಿ.

ಮಂಜೂರಾದ ನಕ್ಷೆ ಮೀರಿ ಕಟ್ಟಿ ಆಮೇಲೆ ಸಕ್ರಮ ಮಾಡಿಸೋಣ ಎಂಬ ಯೋಚನೆಯನ್ನು ಬಿಟ್ಟುಬಿಡಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಕ್ರಮ ಕಟ್ಟಡಗಳ ಬಗ್ಗೆ ಕಟ್ಟುನಿಟ್ಟಿನ ತೀರ್ಪು ಕೊಟ್ಟ ಮೇಲೆ, ಸ್ವಾಧೀನಾನುಭವ ಪತ್ರ, ಅಂದರೆ ಜನ ಓಸಿ ಎನ್ನುವ ದಾಖಲೆ, ಇಲ್ಲದೆ ವಿದ್ಯುತ್ ಮತ್ತು ನೀರಿನ ಸಂಪರ್ಕಕ್ಕೆ ಪರದಾಡಬೇಕಾಗುತ್ತದೆ.

ಹಂತ 4: ಎಲ್ಲಿ ಕಟ್ಟಬಾರದು ಎಂದು ತೀರ್ಮಾನಿಸಿ

ಇಡೀ ಕೆಲಸದ ತಿರುಳು ಇರುವುದು ಈ ಹಂತದಲ್ಲಿ. ಇದಕ್ಕೆ ಬೇಕಾದಷ್ಟು ಸಮಯ ಕೊಡಿ.

ಬಿಡಬೇಕಾದ ಜಾಗ ಬಿಟ್ಟ ಮೇಲೆ ನಿಮಗೆ 30×45 ಅಡಿ ಉಳಿಯಿತು ಎಂದುಕೊಳ್ಳಿ. ಪಕ್ಕದ ಗೋಡೆಗಳಿಂದ ಬೆಳಕಿಲ್ಲ ಎಂದು ಆಗಲೇ ಒಪ್ಪಿಕೊಂಡಿದ್ದೇವೆ. ಕಿಟಕಿಯಿಂದ ಬರುವ ಹಗಲು ಬೆಳಕು ಒಳಗೆ ಎಷ್ಟು ದೂರ ಓದುವಷ್ಟು ಪ್ರಖರವಾಗಿರುತ್ತದೆ? ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ದೂರ. ಲಿಂಟಲ್, ಅಂದರೆ ಕಿಟಕಿಯ ಮೇಲಿನ ತೊಲೆ, 7 ಅಡಿ ಮಟ್ಟದಲ್ಲಿದ್ದರೆ 14ರಿಂದ 17 ಅಡಿ. ಮುಂದಿನಿಂದ ಅಷ್ಟು, ಹಿಂದಿನಿಂದ ಅಷ್ಟು. ನಡುವೆ ಹತ್ತು ಹದಿನೈದು ಅಡಿ ಉದ್ದದ ಕತ್ತಲೆಯ ಪಟ್ಟಿ ಉಳಿಯುತ್ತದೆ. ಆ ಕತ್ತಲೆಯಲ್ಲಿ ಕುಳಿತುಕೊಳ್ಳಬೇಕಾದವರು ಯಾವಾಗಲೂ ಅತಿ ಕಿರಿಯ ಸಂಬಳದ ನೌಕರರು ಎಂಬುದು ನನಗೆ ಸಹಿಸಲಾಗದ ಸಂಗತಿ.

ಅಲ್ಲಿಯೇ 10×10 ಅಡಿಯ ಒಂದು ತೊಟ್ಟಿ ಬಿಡಿ, ಆಕಾಶಕ್ಕೆ ತೆರೆದ ಅಂಗಳ. ಮುಂದೆ 17.5 ಅಡಿ, ಹಿಂದೆ 17.5 ಅಡಿ ಆಳದ ಎರಡು ಕೊಠಡಿಗಳಿಗೂ ಎರಡೆರಡು ಕಡೆಯಿಂದ ಬೆಳಕು ಬರುತ್ತದೆ. ಗಾಳಿ ಅಡ್ಡಲಾಗಿ ಹಾಯುತ್ತದೆ, ಬಿಸಿಗಾಳಿ ತೊಟ್ಟಿಯಿಂದ ಮೇಲೇರಿ ಹೋಗುತ್ತದೆ. ಒಂದು ಮಹಡಿಯ 1,350 ಚದರಡಿಯಲ್ಲಿ 100 ಚದರಡಿ ಹೋಯಿತು ಎಂದು ಮನಸ್ಸು ಹಿಂಜರಿಯುವುದು ಸಹಜ. ಆದರೆ ಆಕಾಶಕ್ಕೆ ತೆರೆದ ಜಾಗ ಸಾಮಾನ್ಯವಾಗಿ ಎಫ್‌ಎಆರ್ ಲೆಕ್ಕಕ್ಕೆ ಬರುವುದಿಲ್ಲ. ಆ 100 ಚದರಡಿ ಬಿಟ್ಟುಕೊಟ್ಟರೆ ಉಳಿದ 1,250 ಚದರಡಿಯೂ ಹಗಲು ದೀಪವಿಲ್ಲದೆ ಬಳಕೆಗೆ ಬರುತ್ತದೆ.

ನಮ್ಮ ತೊಟ್ಟಿಮನೆಗಳು ಬಲ್ಲ ಈ ಉಪಾಯ ಏಷ್ಯಾದ ಬಿಸಿಲ ನಾಡುಗಳಿಗೆಲ್ಲ ಗೊತ್ತಿದ್ದದ್ದು. ಪೆನಾಂಗ್ ಮತ್ತು ಮಲಾಕಾದ ಹಳೆಯ ಅಂಗಡಿಮನೆಗಳು ಅಗಲ ಕಿರಿದು, ಆಳ ಬಹಳ. ನಡುನಡುವೆ ಬೆಳಕಿನ ಬಾವಿಗಳು. ಜಪಾನಿನ ಕ್ಯೋಟೋ ನಗರದ ಮಾಚಿಯಾ ಮನೆಗಳ ಒಳಗೆ ಚಾಪೆಯಷ್ಟಗಲದ ತೋಟಗಳು. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಕೊಲಂಬೊದ ಆಲ್ಫ್ರೆಡ್ ಹೌಸ್ ರಸ್ತೆಯಲ್ಲಿ 1960ರ ದಶಕದ ಆರಂಭದಲ್ಲಿ ಒಬ್ಬ ವೈದ್ಯರಿಗಾಗಿ ವಿನ್ಯಾಸ ಮಾಡಿದ ಮನೆ ಮುಂದೆ ಅವರದೇ ಕಚೇರಿಯಾಯಿತು. ಉದ್ದನೆಯ ಆ ಸೈಟಿನಲ್ಲಿ ಒಂದರ ಹಿಂದೊಂದು ಅಂಗಳಗಳಿವೆ, ಅವುಗಳ ಸುತ್ತ ಹೆಂಚಿನ ಮಾಡಿನ ಪಡಸಾಲೆಗಳು. ಈಗ ಅದು ಉಪಾಹಾರ ಗೃಹ. ಒಳಗೆ ಹೋದವರಿಗೆ ರಸ್ತೆಯ ನೆನಪೇ ಉಳಿಯುವುದಿಲ್ಲ. ಕೊಲಂಬೊದ ಸೆಕೆ ನಮ್ಮ ಮಂಗಳೂರಿನದಕ್ಕಿಂತ ಕಡಿಮೆಯೇನಲ್ಲ.

ತೊಟ್ಟಿ ವಿಷಯದಲ್ಲಿ ಮೂರು ತಪ್ಪುಗಳು ಪದೇ ಪದೇ ಆಗುತ್ತವೆ.

ಒಂದು, ಮಳೆ ಬರುತ್ತದೆಂದು ಮೇಲೆ ಪಾಲಿಕಾರ್ಬನೇಟ್ ಹಾಳೆ ಹೊದಿಸಿ ಪೂರ್ತಿ ಮುಚ್ಚಿಬಿಡುವುದು. ಬಿಸಿಗಾಳಿ ಹೊರಹೋಗಲು ದಾರಿಯಿಲ್ಲದೆ ಮೊದಲ ಮಹಡಿಯಲ್ಲಿ ಕೂರಲಾಗುವುದಿಲ್ಲ. ಕರಾವಳಿ, ಮಲೆನಾಡಿನಲ್ಲಿ ಮುಚ್ಚಲೇಬೇಕಾದರೆ ತಾರಸಿಗಿಂತ ಎರಡು ಅಡಿ ಎತ್ತರಿಸಿ, ಸುತ್ತ ಓರೆಪಟ್ಟಿಗಳಿರುವ ಕಿಂಡಿ ಬಿಟ್ಟು, ಹೊರಚಾಚು ಧಾರಾಳವಾಗಿ ಕೊಡಿ.

ಎರಡು, ಎಸಿಯ ಹೊರ ಘಟಕಗಳನ್ನು ತೊಟ್ಟಿಯೊಳಗೆ ನೇತುಹಾಕುವುದು. ಅವು ಉಗುಳುವ ಬಿಸಿ ನಿಮ್ಮ ಕಿಟಕಿಗಳಿಗೇ ಮರಳುತ್ತದೆ. ಅವುಗಳಿಗೆ ತಾರಸಿಯಲ್ಲಿ ಅಥವಾ ಹಿಂಭಾಗದಲ್ಲಿ ಜಾಗ ಈಗಲೇ ಗೊತ್ತುಮಾಡಿ.

ಮೂರು, ಎರಡು ಮಹಡಿಗೆ ಲೆಕ್ಕ ಹಾಕಿದ 10 ಅಡಿಯ ತೊಟ್ಟಿಯ ಸುತ್ತ ಆಮೇಲೆ ನಾಲ್ಕು ಮಹಡಿ ಏರಿಸುವುದು. ಅಷ್ಟು ಆಳಕ್ಕೆ ಬೆಳಕು ಇಳಿಯುವುದಿಲ್ಲ. ಮುಂದೆ ಎತ್ತರಿಸುವ ಆಸೆ ಇದ್ದರೆ ತೊಟ್ಟಿಯನ್ನು ಈಗಲೇ ಅಗಲ ಮಾಡಿ.

ವಾಸ್ತುವಿನ ಮಾತು ಇಲ್ಲಿಯೇ ಬರಲಿ. ನೀವು ನಂಬುವವರಾದರೆ, ಅಥವಾ ನಿಮ್ಮ ಮನೆಯ ಹಿರಿಯರು ನಂಬುವವರಾದರೆ, ವಾಸ್ತು ನೋಡುವವರನ್ನು ಈ ಹಂತದಲ್ಲಿ ಆರ್ಕಿಟೆಕ್ಟ್ ಜೊತೆ ಕೂರಿಸಿ. ಪಾಯ ಹಾಕಿದ ಮೇಲೆ ಕರೆತಂದರೆ ಬಾಗಿಲು, ಮೆಟ್ಟಿಲು ಜಾಗ ಬದಲಿಸಿ ಇಡೀ ನಕ್ಷೆ ಹದಗೆಡುತ್ತದೆ. ಯಜಮಾನರ ಕೊಠಡಿ ನೈಋತ್ಯದಲ್ಲಿರಬೇಕು ಎನ್ನುವ ಪದ್ಧತಿಯಿದೆ. ಇಡಿ, ತೊಂದರೆಯಿಲ್ಲ. ಆದರೆ ಮಧ್ಯಾಹ್ನದ ನಂತರ ಅತಿ ಹೆಚ್ಚು ಕಾಯುವ ಮೂಲೆ ಅದೇ ಎಂಬುದು ತಿಳಿದಿರಲಿ. ಆ ಗೋಡೆಗೆ ನೆರಳು ಎಲ್ಲಕ್ಕಿಂತ ಮೊದಲು ಬೇಕು.

ಹಂತ 5: ಒಂದೊಂದು ದಿಕ್ಕಿಗೆ ಒಂದೊಂದು ಬಗೆಯ ಕಿಟಕಿ

ನಮ್ಮ ಮೇಸ್ತ್ರಿಗಳು ನಾಲ್ಕೂ ದಿಕ್ಕಿಗೆ ಒಂದೇ ಅಳತೆಯ ಕಿಟಕಿ, ಒಂದೇ ಎರಡು ಅಡಿಯ ಸಜ್ಜಾ, ಅಂದರೆ ಕಿಟಕಿಯ ಮೇಲೆ ನೆರಳಿಗೆ ಚಾಚುವ ಹಲಗೆ, ಹಾಕುತ್ತಾರೆ. ಬಿಸಿಲು ನಾಲ್ಕೂ ದಿಕ್ಕಿನಿಂದ ಒಂದೇ ರೀತಿ ಬರುವುದಿಲ್ಲ. ಬೆಂಗಳೂರು, ಮಂಗಳೂರು, ಹಾಸನಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಲೆಕ್ಕ ಹೀಗಿದೆ.

ದಕ್ಷಿಣ: ಡಿಸೆಂಬರ್ ಕೊನೆಯ ವಾರ ನಡುಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. 4 ಅಡಿ ಎತ್ತರದ ಕಿಟಕಿಗೆ ಆಗ ಪೂರ್ತಿ ನೆರಳು ಬೇಕಾದರೆ 3 ಅಡಿಯ ಸಜ್ಜಾ ಬೇಕು. ಅಷ್ಟು ಚಾಚಲು ಜಾಗವಿಲ್ಲದಿದ್ದರೆ ಒಂದೂವರೆ ಅಡಿಯ ಎರಡು ಸಜ್ಜಾಗಳನ್ನು ಒಂದರ ಕೆಳಗೊಂದು, ಎರಡು ಅಡಿ ಅಂತರದಲ್ಲಿ ಹಾಕಿ. ನೆರಳು ಅಷ್ಟೇ ಸಿಗುತ್ತದೆ.

ಉತ್ತರ: ಕಚೇರಿಗೆ ಅತ್ಯುತ್ತಮ ದಿಕ್ಕು. ಕಂಪ್ಯೂಟರ್ ಪರದೆಗೆ ಹೊಳಪು ಹೊಡೆಯದ ಸಮಬೆಳಕು ಇಲ್ಲಿಂದ ಸಿಗುತ್ತದೆ. ಜೂನ್‌ನಲ್ಲಿ ಸೂರ್ಯ ನೆತ್ತಿಯಿಂದ ಸುಮಾರು 10 ಡಿಗ್ರಿ ಉತ್ತರಕ್ಕೆ ಸರಿಯುತ್ತಾನೆ. ಒಂದು ಅಡಿಯ ಸಜ್ಜಾ ಸಾಕು. ಆ ತಿಂಗಳುಗಳಲ್ಲಿ ಬೆಳಿಗ್ಗೆ ಸಂಜೆ ಓರೆಯಾಗಿ ಬರುವ ಬಿಸಿಲಿಗೆ ಕಿಟಕಿಯ ಎರಡೂ ಬದಿಯಲ್ಲಿ ಒಂದಡಿಯ ನಿಲುವು ಪಟ್ಟಿಗಳನ್ನು ಕೊಡಿ.

ಪೂರ್ವ: ಮನೆಗೂ ಕಚೇರಿಗೂ ಇಲ್ಲೊಂದು ವ್ಯತ್ಯಾಸವಿದೆ. ಕಚೇರಿ ಶುರುವಾಗುವ ಹತ್ತು ಗಂಟೆಯ ಹೊತ್ತಿಗೆ ಸೂರ್ಯ ಸಾಕಷ್ಟು ಮೇಲೇರಿರುತ್ತಾನೆ. ಆದ್ದರಿಂದ ಪೂರ್ವದ ಕಿಟಕಿಯನ್ನು ಸಾಧಾರಣ ಸಜ್ಜಾದಿಂದ ನಿಭಾಯಿಸಬಹುದು.

ಪಶ್ಚಿಮ: ಇಲ್ಲಿ ಸಜ್ಜಾ ಕೆಲಸಕ್ಕೆ ಬಾರದು. ಮಾರ್ಚ್ ಕೊನೆಯಲ್ಲಿ ಸಂಜೆ 5 ಗಂಟೆಗೆ ಸೂರ್ಯನ ಎತ್ತರ ಸುಮಾರು 20 ಡಿಗ್ರಿ. ಎರಡು ಅಡಿಯ ಸಜ್ಜಾ ಆಗ ಕಿಟಕಿಯ ಮೇಲಿನ ಮುಕ್ಕಾಲು ಅಡಿಗೆ ಮಾತ್ರ ನೆರಳು ಕೊಡುತ್ತದೆ. ಉಳಿದ ಬಿಸಿಲೆಲ್ಲ ಮೇಜಿನ ಮೇಲೆ. ಪಶ್ಚಿಮದಲ್ಲಿ ಮೆಟ್ಟಿಲು, ಶೌಚಾಲಯ, ಕಡತದ ಕೋಣೆ ಇಡಿ, ಅವೇ ತಡೆಗೋಡೆಯಾಗುತ್ತವೆ. ರಸ್ತೆಯೇ ಪಶ್ಚಿಮಕ್ಕಿದ್ದರೆ ಮುಂದೆ ಐದಾರು ಅಡಿಯ ಪಡಸಾಲೆ ಬಿಟ್ಟು, ಅದರ ಹೊರ ಅಂಚಿಗೆ ಸುಟ್ಟಮಣ್ಣಿನ ಜಾಲಿ (ಕಿಂಡಿಗಳಿರುವ ತಡೆ) ಅಥವಾ ನಿಲುವು ಪಟ್ಟಿಗಳನ್ನು ಹಾಕಿ. ಸಿಂಗಪುರದಲ್ಲಿ 1822ರ ನಗರ ಯೋಜನೆಯೇ ಪ್ರತಿ ಕಟ್ಟಡದ ಮುಂದೆ ಸಾಲಾಗಿ ಪಡಸಾಲೆ ಇರಬೇಕೆಂದು ವಿಧಿಸಿತ್ತು. ಬಿಸಿಲು ಮಳೆಯಲ್ಲಿ ನಡೆದು ಹೋಗುವವರಿಗೂ ಅದು ಆಸರೆ. ಎಲಿವೇಷನ್ ಬೇಕೆಂದಿರಲ್ಲ, ಈ ಪಡಸಾಲೆ ಮತ್ತು ಜಾಲಿಯೇ ನಿಮ್ಮ ಎಲಿವೇಷನ್.

ಕಿಟಕಿಯ ಬಗೆಯಲ್ಲೂ ಜಾಗ್ರತೆ ಬೇಕು. ಜಾರುವ ಕಿಟಕಿ ನೋಡಲು ಚೆಂದ, ಆದರೆ ಎರಡು ಹಳಿಯ ಕಿಟಕಿ ತೆರೆದರೂ ಅರ್ಧದಷ್ಟೇ ಗಾಳಿಗೆ ಜಾಗ ಬಿಡುತ್ತದೆ. ಬಾಗಿಲಿನಂತೆ ಪೂರ್ತಿ ತೆರೆಯುವ ಕಿಟಕಿ ಹಾಕಿದರೆ ಅದೇ ಅಳತೆಯಲ್ಲಿ ಎರಡು ಪಟ್ಟು ಗಾಳಿ. ಲಿಂಟಲ್ ಮೇಲೆ, ಸೂರಿಗೆ ಹತ್ತಿರ, ಸದಾ ತೆರೆದಿರುವ ವೆಂಟಿಲೇಟರ್ ಇರಲಿ. ಅಲ್ಲಿಗೆ ಸೊಳ್ಳೆ ಬಲೆ ಮತ್ತು ಕಬ್ಬಿಣದ ಸರಳು ಹಾಕಿದರೆ ರಾತ್ರಿಯಿಡೀ ಕಟ್ಟಡ ತಣಿಯುತ್ತದೆ. ಮೇಜುಗಳನ್ನು ಕಿಟಕಿ ಪಕ್ಕಕ್ಕೆ ಬರುವಂತೆ ಜೋಡಿಸಿ. ಕಿಟಕಿ ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ, ಬೆನ್ನಿಗಿದ್ದರೆ ಪರದೆಯ ಮೇಲೆ ಅದರ ಪ್ರತಿಬಿಂಬ.

ಹಂತ 6: ತಾರಸಿ ಮೊದಲು, ಗೋಡೆ ಆಮೇಲೆ

ನಮ್ಮ ನಾಡಿನಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೇರ ನೆತ್ತಿಯ ಮೇಲೆ ಹಾಯುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ. ಏಪ್ರಿಲ್‌ನ ಆ ದಿನ ಮಧ್ಯಾಹ್ನ 12.17ರ ಹೊತ್ತಿಗೆ ಬಯಲಿನಲ್ಲಿ ಒಂದು ಚೊಂಬು ಇಟ್ಟು ನೋಡಿ. ನೆರಳು ಅದರ ಬುಡದಲ್ಲೇ ಅಡಗಿರುತ್ತದೆ. ಗೋಡೆಗಳ ಮೇಲೆ ಆಗ ಬಿಸಿಲೇ ಇಲ್ಲ, ಎಲ್ಲವೂ ತಾರಸಿಯ ಮೇಲೆ. ಬೇಸಿಗೆಯಲ್ಲಿ ಮೇಲಿನ ಮಹಡಿ ಬೇಯುವುದು ಇದಕ್ಕೇ. ಹಣ ಸೀಮಿತವಾಗಿದ್ದರೆ ಮೊದಲು ತಾರಸಿಗೆ ಖರ್ಚು ಮಾಡಿ.

ಅಹಮದಾಬಾದಿನಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ತಮ್ಮದೇ ಕಚೇರಿಯಾಗಿ ಕಟ್ಟಿಕೊಂಡ ಸಂಗಾತ್ ನೋಡಿ. ಬೆಂಗಳೂರಿನ ಐಐಎಂ ಆವರಣವನ್ನು ವಿನ್ಯಾಸ ಮಾಡಿದವರೂ ಅವರೇ; 2018ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಅವರಿಗೆ ಬಂತು. ಸಂಗಾತ್ ಅರ್ಧ ನೆಲದೊಳಗೆ ಇಳಿದಿದೆ, ಮೇಲೆ ಉದ್ದನೆಯ ಕಮಾನು ಸೂರುಗಳು. ಸೂರಿನ ಮೇಲೆ ಒಡೆದ ಬಿಳಿ ಪಿಂಗಾಣಿಯ ಚೂರುಗಳನ್ನು ಕೂರಿಸಿದ್ದಾರೆ. ಬಿಸಿಲು ಹಿಂದಕ್ಕೆ ಚಿಮ್ಮುತ್ತದೆ, ಮಳೆನೀರು ಸೂರಿನಿಂದ ಇಳಿದು ಕಾಲುವೆಯಲ್ಲಿ ಹರಿಯುತ್ತದೆ. ಕಮಾನು ನಿಮಗೆ ಬೇಕಿಲ್ಲ. ಪಿಂಗಾಣಿ ಚೂರಿನ ಹಾಸನ್ನು ಯಾವ ಊರಿನಲ್ಲೂ ಸಪಾಟು ತಾರಸಿಯ ಮೇಲೆ ಮಾಡಿಸಬಹುದು. ಅದೂ ಆಗದಿದ್ದರೆ ಶಾಖ ತಡೆಯುವ ಬಿಳಿ ಬಣ್ಣ, ಎರಡು ಮೂರು ವರ್ಷಕ್ಕೊಮ್ಮೆ. ಸೌರ ಫಲಕ ಹಾಕುವವರಿಗೆ ನೆರಳೂ ಸಿಗುತ್ತದೆ; ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಜಾಗ, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ವಿದ್ಯುತ್.

ಗೋಡೆಗೆ ನಿಮ್ಮ ಸೀಮೆಯ ವಸ್ತು ಮೊದಲು ನೋಡಿ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮುರಕಲ್ಲು. ಕಲಬುರಗಿ ಕಡೆ ಶಹಾಬಾದ್ ಕಲ್ಲು. ಬೆಂಗಳೂರು, ಕೋಲಾರದ ಕಡೆ ಸೈಜುಗಲ್ಲು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಿಂದ ಸಂಶೋಧನೆ ನಡೆದು ರೂಪುಗೊಂಡ ಸ್ಥಿರೀಕೃತ ಮಣ್ಣಿನ ಇಟ್ಟಿಗೆಯನ್ನೂ ಪರಿಗಣಿಸಿ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡುವ ಇದಕ್ಕೆ ಗೂಡಿನಲ್ಲಿ ಸುಡುವ ಅಗತ್ಯವಿಲ್ಲ. ಕಲಬುರಗಿ, ರಾಯಚೂರಿನ ಒಣ ಸೆಕೆಗೆ ದಪ್ಪ ಗೋಡೆ, ಚಿಕ್ಕ ಕಿಟಕಿ ಒಳ್ಳೆಯದು. ಮಂಗಳೂರು, ಕಾರವಾರದ ತೇವದ ಸೆಕೆಗೆ ಗಾಳಿಯೇ ಮದ್ದು. ಅಲ್ಲಿ ಕಿಟಕಿ ದೊಡ್ಡದು, ಇಳಿಜಾರು ಮಾಡಿನ ಸೂರಂಚು ಮೂರಡಿಗೂ ಹೆಚ್ಚು ಚಾಚಿರಬೇಕು. ಬೆಂಗಳೂರಿನ ನಕ್ಷೆಯನ್ನು ಹಾಗೆಯೇ ಎತ್ತಿಕೊಂಡು ಹೋಗಿ ಈ ಊರುಗಳಲ್ಲಿ ಕಟ್ಟುವುದು ದೊಡ್ಡ ತಪ್ಪು.

ಹಂತ 7: ಮೆಟ್ಟಿಲು, ಇಳಿಜಾರು, ಶೌಚಾಲಯ

ಮನೆಯ ಮೆಟ್ಟಿಲನ್ನು ಕಚೇರಿಗೆ ಹಾಕಬೇಡಿ. ಕಟ್ಟಡ ಸಂಹಿತೆಯ ಪ್ರಕಾರ ಕಚೇರಿಯ ಮೆಟ್ಟಿಲಿನ ಅಗಲ ಕನಿಷ್ಠ 1.5 ಮೀಟರ್, ಮೆಟ್ಟಿಲ ಎತ್ತರ 150 ಮಿಲಿಮೀಟರ್ ಮೀರಬಾರದು, ಕಾಲಿಡುವ ಜಾಗ ಕನಿಷ್ಠ 300. 11 ಅಡಿ ಎತ್ತರದ ಮಹಡಿಗೆ ಸುಮಾರು 23 ಮೆಟ್ಟಿಲು. ಒಂದು ತಿರುವಿನ ಮೆಟ್ಟಿಲಿಗೆ 10×16 ಅಡಿ ಜಾಗ ಬೇಕು. ಇದನ್ನು ಮೊದಲೇ ತೆಗೆದಿಡದಿದ್ದರೆ ಕೊನೆಗೆ ಮೂಲೆಯಲ್ಲಿ ಕಡಿದಾದ ಮೆಟ್ಟಿಲು ಬರುತ್ತದೆ.

ಪಾಯ ಒಂದೂವರೆ ಅಡಿ ಎತ್ತರವಿದ್ದರೆ ಗಾಲಿಕುರ್ಚಿ ಏರುವ ಇಳಿಜಾರಿನ ಉದ್ದ 18 ಅಡಿ ಇರಬೇಕು. ಒಂದಕ್ಕೆ ಹನ್ನೆರಡರ ಲೆಕ್ಕ ಅದು. ಬಾಗಿಲಿನ ಎದುರು ನಾಲ್ಕಡಿಯ ಕಡಿದಾದ ದಿಬ್ಬ ಮಾಡಿ "ರ‍್ಯಾಂಪ್ ಇದೆ" ಎನ್ನುವುದನ್ನು ಎಲ್ಲೆಡೆ ಕಾಣುತ್ತೇನೆ. ಗಾಲಿಕುರ್ಚಿಯವರು ಅದನ್ನು ಏರಲಾರರು, ಮಳೆಯಲ್ಲಿ ಇತರರೂ ಜಾರುತ್ತಾರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದನ್ನು ಹಕ್ಕಾಗಿ ಕೊಟ್ಟಿದೆ. ಇಳಿಜಾರನ್ನು ಪಕ್ಕದ ಬಿಡುವ ಜಾಗದ ಉದ್ದಕ್ಕೂ ತಂದು ಪಡಸಾಲೆಗೆ ಸೇರಿಸಲು ಸಾಧ್ಯವೇ ಎಂದು ಆರ್ಕಿಟೆಕ್ಟ್ ಅವರನ್ನು ಕೇಳಿ. ನೆಲಮಹಡಿಯಲ್ಲಿ ಒಂದು ಶೌಚಾಲಯವಾದರೂ ಗಾಲಿಕುರ್ಚಿ ತಿರುಗುವಷ್ಟು, ಅಂದರೆ 5 ಅಡಿ ವ್ಯಾಸದ ಖಾಲಿ ಜಾಗ ಇರುವಷ್ಟು, ದೊಡ್ಡದಿರಲಿ. ಬಾಗಿಲು 3 ಅಡಿ ತೆರೆಯಲಿ. ಮಹಿಳೆಯರ ಶೌಚಾಲಯ ಬೇರೆಯಾಗಿಯೇ ಇರಲಿ, ಅದಕ್ಕೆ ಹೊರಗಿನ ಗೋಡೆಯ ಕಿಟಕಿ ಇರಲಿ.

ಹಂತ 8: ವಾಹನ ಮತ್ತು ನೀರು

ನೆಲಮಹಡಿಯನ್ನು ಪೂರ್ತಿ ಕಂಬಗಳ ಮೇಲೆ ನಿಲ್ಲಿಸಿ ಪಾರ್ಕಿಂಗ್ ಬಿಡುವವರು ಎಂಜಿನಿಯರನ್ನು ಒಂದು ಮಾತು ಕೇಳಲೇಬೇಕು: "ಇದು ಮೃದು ಅಂತಸ್ತು ಆಗುವುದಿಲ್ಲವೇ?" ಮೇಲೆ ಗೋಡೆಗಳಿಂದ ಬಿಗಿಯಾಗಿ, ಕೆಳಗೆ ಬರಿಯ ಕಂಬಗಳಿದ್ದರೆ ಕಂಪನದಲ್ಲಿ ಕೆಳಗಿನ ಅಂತಸ್ತು ಮೊದಲು ಕುಸಿಯುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಬಹಳ ದೂರದ ಅಹಮದಾಬಾದಿನಲ್ಲಿ ಇಂತಹ ಹಲವು ಕಟ್ಟಡಗಳು ಬಿದ್ದವು. ಕಂಬ, ಗೋಡೆಗಳ ಸರಿಯಾದ ಲೆಕ್ಕದಿಂದ ಇದನ್ನು ತಪ್ಪಿಸಬಹುದು.

ಮಳೆನೀರಿಗೆ ಬರೋಣ. 1,250 ಚದರಡಿ ತಾರಸಿಯ ಮೇಲೆ 25 ಮಿಲಿಮೀಟರ್ ಮಳೆ ಬಂದರೆ ಸುಮಾರು 2,900 ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ನಿಮ್ಮ ತಾರಸಿಯ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಬೆಂಗಳೂರಿನಲ್ಲಿ 30×40 ಸೈಟಿನಲ್ಲಿ ಹೊಸದಾಗಿ ಕಟ್ಟುವವರಿಗೂ ಮಳೆನೀರು ಕೊಯ್ಲು ಕಡ್ಡಾಯ. ಉಳಿದ ಊರುಗಳಲ್ಲಿ ಕಡ್ಡಾಯವಿರಲಿ ಬಿಡಲಿ, ಮಾಡಿ. ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವ ಕೊಳವೆ, ಸೋಸುಕ, ನಂತರ ಸಂಪು, ಹೆಚ್ಚಾದದ್ದು ಇಂಗುಗುಂಡಿಗೆ. ತೊಟ್ಟಿಯ ನೆಲದ ನೀರು ಹೊರಹೋಗಲು ಬೇರೆ ಕೊಳವೆ, ಅದೂ ದಪ್ಪನೆಯದು ಬೇಕು. ಅದು ಕಟ್ಟಿಕೊಂಡರೆ ನೀರು ಕಚೇರಿಯೊಳಗೇ ಬರುತ್ತದೆ, ಹಾಗಾಗಿ ತೊಟ್ಟಿಯ ನೆಲ ಸುತ್ತಲಿನ ನೆಲಕ್ಕಿಂತ ಆರು ಇಂಚಾದರೂ ತಗ್ಗಿರಲಿ.

ಹಂತ 9: ನಕ್ಷೆ, ಗುತ್ತಿಗೆ, ಹಣ

ಮಂಜೂರಾತಿ ನಕ್ಷೆ ಬೇರೆ, ಕಾಮಗಾರಿ ನಕ್ಷೆ ಬೇರೆ. ಮೊದಲನೆಯದು ಪಾಲಿಕೆಗೆ, ಎರಡನೆಯದು ಮೇಸ್ತ್ರಿಗೆ. ಮಂಜೂರಾತಿ ನಕ್ಷೆಯ ಒಂದೇ ಹಾಳೆ ಹಿಡಿದು ಕಟ್ಟಲು ಶುರು ಮಾಡಿದರೆ ಸಜ್ಜಾದ ಅಳತೆ, ವೈರಿನ ಜಾಗ, ಕೊಳವೆಯ ದಾರಿ ಎಲ್ಲವನ್ನೂ ಸ್ಥಳದಲ್ಲೇ ಯಾರೋ ಊಹಿಸುತ್ತಾರೆ. ಕಿಟಕಿ ಬಾಗಿಲುಗಳ ಪಟ್ಟಿ, ವಿದ್ಯುತ್ ಮತ್ತು ಕೊಳಾಯಿ ನಕ್ಷೆ, ಕಟ್ಟಡವನ್ನು ಉದ್ದಕ್ಕೆ ಸೀಳಿ ತೋರಿಸುವ ಸೆಕ್ಷನ್ ನಕ್ಷೆ ಕೈಗೆ ಬರುವವರೆಗೆ ಪಾಯ ತೋಡಬೇಡಿ. ಸೆಕ್ಷನ್ ನಕ್ಷೆಯಲ್ಲಿ ಸೂರ್ಯನ ಗೆರೆ ಎಳೆದು ನೆರಳು ಎಲ್ಲಿಗೆ ಬೀಳುತ್ತದೆ ಎಂದು ತೋರಿಸಲು ಹೇಳಿ. ಐದನೇ ಹಂತದ ಲೆಕ್ಕ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಗುತ್ತಿಗೆಯನ್ನು "ಚದರಡಿಗೆ ಇಷ್ಟು" ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಜಗಳ ಖಚಿತ. ಸಂಪು, ಕಾಂಪೌಂಡ್, ಇಳಿಜಾರು, ಸಜ್ಜಾ ಆ ದರದಲ್ಲಿ ಸೇರಿವೆಯೇ? ತೊಟ್ಟಿಯ ಖಾಲಿ ಜಾಗಕ್ಕೂ ದರ ಹಾಕುತ್ತಾರೆಯೇ? ಪ್ರತಿಯೊಂದು ಕೆಲಸದ ಪ್ರಮಾಣ ಮತ್ತು ದರ ಬರೆದ ಅಂದಾಜು ಪಟ್ಟಿ ಮಾಡಿಸಿ, ಮೂವರಿಂದ ದರ ತರಿಸಿ. ಹಣ ಕಡಿಮೆ ಬಿದ್ದಾಗ ಜನ ಮೊದಲು ಕೈಬಿಡುವುದು ಸಜ್ಜಾ, ಜಾಲಿ ಮತ್ತು ತಾರಸಿಯ ಹಾಸನ್ನು. ಅವು ಅಲಂಕಾರವಲ್ಲ. ಸುಳ್ಳುಸೂರು (ಫಾಲ್ಸ್ ಸೀಲಿಂಗ್), ದುಬಾರಿ ನೆಲಹಾಸು, ಮುಂಬಾಗಿಲ ಗ್ರಾನೈಟ್ ಇವನ್ನು ಮುಂದೂಡಿ. ಎರಡು ವರ್ಷ ಬಿಟ್ಟು ಹಾಕಬಹುದು. ಸಜ್ಜಾವನ್ನು ಆಮೇಲೆ ಹಾಕಲು ಬರುವುದಿಲ್ಲ.

ಕಾಂಕ್ರೀಟಿಗೆ ನೀರುಣಿಸುವುದು ಕನಿಷ್ಠ 10 ದಿನ, ಬೇಸಿಗೆಯಲ್ಲಿ 14 ದಿನ ಎಂದು ಒಪ್ಪಂದದಲ್ಲೇ ಬರೆಯಿರಿ. ಮೌಲ್ಡ್ ಹಾಕುವ ಹಿಂದಿನ ದಿನ ಎಂಜಿನಿಯರ್ ಬಂದು ಕಬ್ಬಿಣ ಪರಿಶೀಲಿಸಿ ಸಹಿ ಮಾಡದೆ ಕಾಂಕ್ರೀಟ್ ಲಾರಿ ಬರಬಾರದು.

ಒಟ್ಟು ಗುತ್ತಿಗೆ ಹಣದಲ್ಲಿ ಶೇಕಡ 5ರಷ್ಟನ್ನು ತಡೆಹಿಡಿದು, ಅದನ್ನು ಒಂದು ಮಳೆಗಾಲ ಪೂರ್ತಿ ಕಳೆದ ಮೇಲೆ ಕೊಡುವುದಾಗಿ ಮೊದಲೇ ಬರೆದುಕೊಳ್ಳಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಾರಸಿ, ತೊಟ್ಟಿಯ ಅಂಚು, ಕಿಟಕಿಯ ಕೆಳಗಿನ ಮೂಲೆ, ಶೌಚಾಲಯದ ಗೋಡೆಗಳಲ್ಲಿ ತೇವ ಎಲ್ಲಿ ಕಂಡರೂ ದಿನಾಂಕದೊಂದಿಗೆ ಫೋಟೊ ತೆಗೆದು ಗುತ್ತಿಗೆದಾರರಿಗೆ ಕಳುಹಿಸಿ. ದುರಸ್ತಿಯಾಗಿ, ಅದೇ ಜಾಗ ಮತ್ತೊಂದು ಜೋರು ಮಳೆಯಲ್ಲಿ ಒಣಗಿ ನಿಂತದ್ದನ್ನು ನೋಡಿದ ಮೇಲೆ ಆ ಹಣ ಬಿಡುಗಡೆ ಮಾಡಿ.